ಕಾಕಾನ ಸರ್ಕಾರಿ ಮೂಕಿಚಿತ್ರ

ಸರ್ಕಾರಿ ಮೂಕಿಚಿತ್ರ ತೆಗೆದ ಜಗತ್ತಿನ ಕಟ್ಟಕಡೆಯ ನಿರ್ದೇಶಕರು ನಮ್ಮ ಕಾಕಾ ಅಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ! ಮೊದಮೊದಲು ನಾವೂ ನಂಬಿರಲಿಲ್ಲ. ಮೂಕಿಚಿತ್ರಗಳ ಕಾಲ ಮುಗಿದು ಯಾವ ಕಾಲವಾಯಿತೋ! ಆಮೇಲೆ, ಯಾವ ಸರ್ಕಾರವೂ ಕೇಳದೆ, ತಮ್ಮ ಮನೆಯನ್ನೇ ಸರ್ಕಾರವೆಂದು ಘೋಷಿಸಿಕೊಂಡು, ಒಂದು ನಳ, ಒಂದು ಪಂಪು, ಇಬ್ಬರು ಹೆಂಗಸರನ್ನು ಕಟ್ಟಿಕೊಂಡು ಅವರು ಚಿತ್ರ ತೆಗೆದರು. ಇದರಲ್ಲಿ ದೊಡ್ಡ ತಮಾಷೆ ಯಾವುದು ಗೊತ್ತೇ? ಮೂಕಿಚಿತ್ರವನ್ನು ಇಷ್ಟೊಂದು ಪ್ರೀತಿಸುವ ಈ ಮನುಷ್ಯ ಬಾಯಿ ಮುಚ್ಚಿದ್ದನ್ನು ನಮ್ಮ ವಂಶದಲ್ಲಿ ಯಾರೂ ಕಂಡವರಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ‘ಬಾಯಿ ತೆಗೀರಿ’ ಅಂತ ಹೇಳಿಸಿಕೊಳ್ಳದ ಏಕೈಕ ರೋಗಿ ಅವರೇ ಇರಬೇಕು!

ಕಾಕಾ ನಮ್ಮಪ್ಪನ ತಮ್ಮ. ಹುಟ್ಟಿದ್ದು ಬೀದರಿನಲ್ಲಿ, ನೌಕರಿ ಮಾಡಿ ನೆಲೆಸಿದ್ದು ಔರಂಗಾಬಾದಿನಲ್ಲಿ. ಊರಿಗೆ ಈಗ ಛತ್ರಪತಿ ಸಂಭಾಜಿನಗರ ಅಂತ ಹೆಸರು. ಕಾಕಾನ ನಾಲಿಗೆಗೆ ಆ ಆದೇಶ ಇನ್ನೂ ತಲುಪಿಲ್ಲ. ಕೇಂದ್ರ ಸರ್ಕಾರದ ಪ್ರಚಾರದ ಕೆಲಸ ಅವರದು. ಜೀಪಿನಲ್ಲಿ ಪ್ರೊಜೆಕ್ಟರ್ ಹೇರಿಕೊಂಡು ಮರಾಠವಾಡಾದ ಹಳ್ಳಿಹಳ್ಳಿಗೆ ಹೋಗಿ, ಶಾಲೆಯ ಗೋಡೆಗೆ ಬಿಳಿ ಪರದೆ ಕಟ್ಟಿ, ಜನರಿಗೆ ತಿಳಿವಳಿಕೆಯ ಚಿತ್ರ ತೋರಿಸಬೇಕು. ಪ್ರೊಜೆಕ್ಟರ್ ಗಟ್ಟಿ, ಸ್ಪೀಕರ್ ಮಾತ್ರ ಕೆಮ್ಮಿ ಕೆಮ್ಮಿ ಸತ್ತುಹೋಗುತ್ತಿತ್ತು. ಆಗ ಕಾಕಾ ಪರದೆಯ ಪಕ್ಕ ನಿಂತು ಇಡೀ ಚಿತ್ರಕ್ಕೆ ತಾವೇ ಮಾತು ಹಚ್ಚುತ್ತಿದ್ದರು. ಒಮ್ಮೆ ರೀಲು ಅದಲುಬದಲಾಗಿ, ಪರದೆಯ ಮೇಲೆ ಸೊಳ್ಳೆಗಳು ಹಾರಾಡುತ್ತಿರುವಾಗ ಕಾಕಾ ಕುಟುಂಬ ಯೋಜನೆಯ ಬಗ್ಗೆ ಭಾಷಣ ಬಿಗಿದರಂತೆ. ಸಾಹೇಬರು ಕರೆದು ಬೈದಾಗ ಅವರು ಕೊಟ್ಟ ಉತ್ತರ: “ಎರಡೂ ಕಮ್ಮಿ ಆಗಬೇಕು ಅಂದಮ್ಯಾಲ ಏನ್ ಫರಕ್ ಅದರಿ, ಸಾಹೇಬ್ರ?”

ನಿವೃತ್ತಿಯಾದ ಮೇಲೆ ಅವರಿಗೆ ಗುಲ್ಮಂಡಿಯ ಫುಟ್‌ಪಾತಿನಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ರಟ್ಟು ಹರಿದಿತ್ತು, ಒಳಗೆ ಚಿತ್ರಗಳಿದ್ದವು. ಮೂಕಿಚಿತ್ರದ ಕಾಲದಲ್ಲಿ ಉಕ್ರೇನ್ ದೇಶದ ಸರ್ಕಾರ ಸಿನಿಮಾ ದಂಧೆಯನ್ನೇ ಒಂದು ಇಲಾಖೆ ಮಾಡಿಕೊಂಡು ಹೇಗೆ ನಡೆಸಿತು ಎಂಬುದರ ಇತಿಹಾಸ ಅದು. ಅವತ್ತಿನಿಂದ ನಮ್ಮ ಮನೆತನದ ಚರಿತ್ರೆ ಎರಡು ಹೋಳಾಯಿತು: ಉಕ್ರೇನಿಗೆ ಮುಂಚೆ, ಉಕ್ರೇನಿನ ನಂತರ.

“ಕೇಳ್ ಇಲ್ಲಿ,” ಅನ್ನುತ್ತಿದ್ದರು ನಾನು ಹೋದಾಗಲೆಲ್ಲ. ನಾನು ಬ್ಯಾಂಕಿನವಳು, ಕಲಬುರಗಿಯಿಂದ ನಾಸಿಕ್ಕಿಗೆ ವರ್ಗವಾಗಿ ಬಂದವಳು. ರಜೆ ಸಿಕ್ಕರೆ ಬಸ್ ಹತ್ತಿ ಕಾಕಾನ ಮನೆಗೆ. “ಕ್ರಾಂತಿ ಆಯ್ತು. ಸರ್ಕಾರ ಏನ್ ಮಾಡ್ತು? ಥೇಟರ್ ನಂದು ಅಂತು. ಸ್ಟುಡಿಯೋ ನಂದು ಅಂತು. ಕ್ಯಾಮೆರಾ ನಂದು ಅಂತು. ಆದ್ರ ರೀಲೇ ಇಲ್ಲ! ಜರ್ಮನಿಯಿಂದ ತರಿಸಬೇಕು. ಅಂಥಾದ್ರಾಗ ಸಮುದ್ರದ ದಂಡಿಗಿ ಒಡೆಸ್ಸಾದಾಗ ಒಂದು, ಯಾಲ್ಟಾದಾಗ ಒಂದು ಕಾರ್ಖಾನಿ ನಡಸಿದ್ರು. ಏನ್ ಕಾರ್ಖಾನಿ? ಸಿನಿಮಾ ಕಾರ್ಖಾನಿ! ನಮ್ಮಲ್ಲಿ ಸಕ್ಕರಿ ಕಾರ್ಖಾನಿ ಇದ್ದಂಗ!”

“ಅಷ್ಟಾದ್ರೂ ಸಕ್ಕರಿ ಬರ್ತದ,” ಅಂತ ಕಾಕು ಅಡುಗೆಮನೆಯಿಂದ. ಕಾಕು ಅಂದರೆ ಕಾಕಾನ ಹೆಂಡತಿ, ಕಡಿಮೆ ಮಾತಿನವರು. ಮನೆಯ ಮಾತಿನ ಪಡಿತರವನ್ನೆಲ್ಲ ಒಬ್ಬರೇ ಎತ್ತಿಕೊಂಡು ಹೋದ ಮೇಲೆ ಉಳಿದವರಿಗೆ ಏನು ಸಿಗಬೇಕು ಹೇಳಿ?

ಒಮ್ಮೆ ಕನ್ನಡದವರ ಕೂಟದಲ್ಲಿ ಕಾಕಾಗೆ ಭಾಷಣಕ್ಕೆ ಅವಕಾಶ ಕೊಟ್ಟರು. ಕೊಟ್ಟವರು ಹೊಸಬರು, ಪಾಪ. ಉಕ್ರೇನಿನ ಇಲಾಖೆ ಹಳ್ಳಿಗಳಿಗೆ ಪ್ರೊಜೆಕ್ಟರ್ ಕಳಿಸಿದ್ದು, ಸಿನಿಮಾ ಕಲಿಸುವ ಶಾಲೆ ತೆಗೆದದ್ದು, ಸ್ವಂತ ಪತ್ರಿಕೆ ನಡೆಸಿದ್ದು, ಆ ಚಿತ್ರಗಳು ಬರ್ಲಿನ್, ಪ್ಯಾರಿಸ್‌ವರೆಗೂ ಹೋಗಿದ್ದು, ಎಲ್ಲವನ್ನೂ ಕಾಕಾ ಕೈಕಾಲು ಬೀಸಿ ಹೇಳಿದರು. “ಮತ್ತ ಭಾಷಾದ್ದು ತ್ರಾಸೇ ಇಲ್ಲ! ನಡುನಡುವೆ ಬರೋ ಅಕ್ಷರದ ತುಂಡು ತೆಗೀರಿ, ಬೇರೆ ಭಾಷಾದ ತುಂಡು ಹಚ್ರಿ. ಅದೇ ಸಿನಿಮಾ ಜರ್ಮನ್ನರದೂ ಆಯ್ತು, ಫ್ರೆಂಚರದೂ ಆಯ್ತು!” ಕೊನೆಗೆ ಪ್ರಶ್ನೆಗಳಿದ್ದರೆ ಕೇಳಿ ಅಂದರು. ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬಹಳ ಆಸಕ್ತಿಯಿಂದ ಕೇಳಿದರು: “ಸರ್, ಉಕ್ರೇನ್‌ನಾಗ ನಮ್ಮ ಹುಡುಗನ ಮೆಡಿಕಲ್ ಸೀಟಿಗೆ ಯಾರನ್ನ ಭೆಟ್ಟಿ ಆಗಬೇಕ್ರಿ?”

ಬೇರೆ ಯಾರಾದರೂ ಆಗಿದ್ದರೆ ಕುಸಿದುಬೀಳುತ್ತಿದ್ದರು. ಕಾಕಾ ಮನೆಗೆ ಬಂದವರೇ ನಿರ್ಧಾರ ಪ್ರಕಟಿಸಿದರು. “ಹೇಳಿದ್ರ ತಿಳ್ಯಂಗಿಲ್ಲ. ತೆಗೆದೇ ತೋರಸ್ತೀನಿ.”

ಆಗ ಆ ಮನೆಯ ಹವಾಮಾನ ಸರಿಯಿರಲಿಲ್ಲ ಎಂದು ಇಲ್ಲಿ ಹೇಳಬೇಕು. ಕಾಕಾನ ಮಗ, ನನ್ನ ತಮ್ಮ, ಮೂರು ವರ್ಷದ ಹಿಂದೆ ನಾಸಿಕ್ಕಿನ ಮರಾಠಿ ಹುಡುಗಿಯನ್ನು ಮೆಚ್ಚಿ ಮದುವೆಯಾಗಿದ್ದ. ಅವಳ ಹೆಸರು ಪ್ರಾಜಕ್ತಾ. ಕಾಕು ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಆಡುವುದಿಲ್ಲ. ಪ್ರಾಜಕ್ತಾಗೆ ಕನ್ನಡ ಬರುವುದಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಅತ್ತೆ ಸೊಸೆ ಜಗಳವಾಡಿದ್ದನ್ನು ಯಾರೂ ಕೇಳಿಲ್ಲ. ಮಾತಾಡಿದ್ದನ್ನೂ ಕೇಳಿಲ್ಲ! “ಏಯ್”, “ನೋಡವಾ”, “ಹಾಂ ಆಯಿ” — ಇಷ್ಟರಲ್ಲೇ ಸಂಸಾರ. ಈಗ ತಮ್ಮನಿಗೆ ನಾಸಿಕ್ಕಿನ ಕಂಪನಿಯಲ್ಲಿ ಕೆಲಸ ಸಿಕ್ಕಿ, ಗಂಡಹೆಂಡತಿ ಹೊರಡುವುದು ಖಾಯಂ ಆಗಿತ್ತು. ಕಾಕು ಒಂದೇ ಸಲ, ಅದೂ ಗೋಡೆಗೆ ಹೇಳುವಂತೆ, “ಬಿಡಕಿನ್‌ನಾಗ ದೊಡ್ಡ ದೊಡ್ಡ ಫ್ಯಾಕ್ಟ್ರಿ ಬರ್ತಾವಂತ,” ಅಂದಿದ್ದರು. ಬಿಡಕಿನ್ ಅಂದರೆ ಆ ಮನೆಯಿಂದ ಒಂದು ತಾಸಿನೊಳಗಿನ ದಾರಿ. ಗೋಡೆ ಉತ್ತರ ಕೊಡಲಿಲ್ಲ. ಅವತ್ತಿನಿಂದ ಕಾಕು ಊಟವನ್ನೂ ಅರ್ಧ ಮಾಡಿದ್ದರು.

ಇಂಥ ಮನೆಯಲ್ಲಿ ಕಾಕಾ ಸಿನಿಮಾ ಘೋಷಿಸಿದರು! ಮೊದಲ ಹೆಜ್ಜೆ ರಾಷ್ಟ್ರೀಕರಣ. ತಮ್ಮನಿಗೆ ಮದುವೆಯಲ್ಲಿ ಉಡುಗೊರೆ ಬಂದಿದ್ದ ಹ್ಯಾಂಡಿಕ್ಯಾಮನ್ನು ಮುಟ್ಟುಗೋಲು ಹಾಕಿಕೊಂಡರು. ತಮ್ಮ ಪ್ರತಿಭಟಿಸಿದ. “ಅಪ್ಪಾ, ಅದರಾಗ ನಮ್ಮ ಹನಿಮೂನ್ ಅದ!”

“ಇರ್ಲಿ ಬಿಡು. ರೀಲಿನ ಕೊರತಿ ಇದ್ದಾಗ ಅವರೂ ಹಳೇ ಚಿತ್ರಾನೇ ಕತ್ತರಿಸಿ ಹೊಸಾದು ಮಾಡ್ತಿದ್ರು.”

ಪ್ರಾಜಕ್ತಾ ಅವತ್ತೇ ಓಡಿಹೋಗಿ ಹೊಸ ಮೆಮೊರಿ ಕಾರ್ಡ್ ತಂದುಕೊಟ್ಟಳು. ಸರ್ಕಾರಕ್ಕೆ ಸಂದ ಮೊದಲ ತೆರಿಗೆ!

ಮುಹೂರ್ತ ತ್ರ್ಯಂಬಕೇಶ್ವರದಲ್ಲೇ ಆಗಬೇಕು ಅಂತ ಹಟ. ನಮ್ಮ ದೇಶದ ಮೂಕಿಚಿತ್ರದ ಪಿತಾಮಹ ಹುಟ್ಟಿದ್ದು ನಾಸಿಕ್ಕಿನ ಪಕ್ಕದ ಆ ಊರಿನಲ್ಲೇ, ಆ ಮಣ್ಣಿಗೆ ಕೈಮುಗಿಯದೆ ಹೇಗೆ? ನಾನು ಅವರನ್ನು ಶೇರಿಂಗ್ ಜೀಪಿನಲ್ಲಿ ಕೂರಿಸಿಕೊಂಡು ಹೋದೆ. ಅಲ್ಲಿನ ಭಟ್ಟರು ರೂಢಿಯಂತೆ, ಯಾವ ದೋಷ, ಯಾವ ಶಾಂತಿ ಎಂದು ಕೇಳಿದರು. ಕಾಕಾ ತಮ್ಮ ಬೀದರ್ ಮರಾಠಿಯಲ್ಲಿ ಎಲ್ಲ ವಿವರಿಸಿ, “ಚಿತ್ರ ಮೂಕಿ ಅದರಿ, ಮಂತ್ರಾನೂ ಮನಸ್ಸಿನ್ಯಾಗೇ ಹೇಳ್ರಿ,” ಎಂದು ಬೇಡಿಕೊಂಡರು. ಭಟ್ಟರು ಕಣ್ಣು ಮುಚ್ಚಿ ತುಸು ಹೊತ್ತು ಕೂತು, ಕಣ್ಣು ಬಿಟ್ಟು, ಮಾತಿಲ್ಲದೆ ಕೈ ಚಾಚಿದರು. ದಕ್ಷಿಣೆಯ ಆ ಒಂದು ಅಭಿನಯ ಇಡೀ ನಮ್ಮ ಚಿತ್ರದಲ್ಲಿ ಯಾರಿಗೂ ಬರಲಿಲ್ಲ ಬಿಡಿ!

ಕತೆ ಹೀಗಿತ್ತು. ನಳದ ಮುಂದೆ ಇಬ್ಬರು ಹೆಂಗಸರು ನೀರಿಗಾಗಿ ಜಗಳವಾಡುತ್ತಾರೆ. ಒಬ್ಬ ಬಡ ಗಂಡಸು ನೋಡಿ ಅಳುತ್ತಾನೆ. ಆಮೇಲೆ ಪಂಪು ಬರುತ್ತದೆ. ಎಲ್ಲರಿಗೂ ನೀರು, ಎಲ್ಲರೂ ಒಂದು. “ಹೀರೋ ಯಾರು?” ಅಂತ ಕೇಳಿದೆ. “ಪಂಪು!” ಅಂದರು ಕಾಕಾ. “ಸರ್ಕಾರಿ ಚಿತ್ರದಾಗ ಮನುಷ್ಯಾ ಹೀರೋ ಇರಂಗಿಲ್ಲವಾ. ಮಷೀನ್ ಇರ್ತದ.” ಅಂತೂ ಅರ್ಧ ಹಾರ್ಸ್‌ಪವರಿನ ಒಬ್ಬ ನಾಯಕ ನಮ್ಮ ಪಾಲಿಗೆ ಬಂದ. ಎಲ್ಲ ನಾಯಕರಂತೆ ಅವನೂ ಶೂಟಿಂಗಿಗೆ ಕೈಕೊಟ್ಟ. ಗುರ್ ಅಂದು ಸುಮ್ಮನಾದವನು ಮತ್ತೆ ಏಳಲಿಲ್ಲ.

ಬಡ ಗಂಡಸು ನನ್ನ ತಮ್ಮ. ಅವನಿಗೆ ಅಳು ಬರುವುದಿಲ್ಲ. ಗ್ಲಿಸರಿನ್ ಬೇಡ, ಅದು ಖಾಸಗಿ ಬಂಡವಾಳದವರ ಚಾಳಿ ಎಂದ ಕಾಕಾ, ಪುಕ್ಕಟೆ ಕಣ್ಣೀರಿಗಾಗಿ ಎಲ್ಲರನ್ನೂ ಲಾಸಲಗಾಂವ್‌ನ ಈರುಳ್ಳಿ ಮಾರುಕಟ್ಟೆಗೆ ಹೊರಡಿಸಿದರು. ಈರುಳ್ಳಿಯ ಬೆಟ್ಟಗಳು! ಟ್ರ್ಯಾಕ್ಟರುಗಳ ಸಾಲು, ಹರಾಜಿನ ಕೂಗು, ಧೂಳು. ನಡುವೆ ತಮ್ಮನನ್ನು ನಿಲ್ಲಿಸಿದರು. ಒಂದು ಹನಿ ಇಲ್ಲ! ರಾಶಿಯ ಹತ್ತಿರ, ರಾಶಿಯ ಮೇಲೆ, ಕೊನೆಗೆ ರಾಶಿಯೊಳಗೇ ಮುಖ ಇಡಿಸಿದರು. ಸೀನು ಬಂತು, ಕಣ್ಣೀರು ಬರಲಿಲ್ಲ. ಚೀಲ ಹೊರುತ್ತಿದ್ದ ಒಬ್ಬ ನಿಂತು ನೋಡಿ, ನಕ್ಕು, ಮರಾಠಿಯಲ್ಲಿ ಅಂದ: “ಸಾಹೇಬ, ಕಾಂದಾ ರೇಟ್ ಬಿದ್ದ ದಿವಸ ಬರ್ರಿ. ಅವತ್ತು ಇಡೀ ಮಾರ್ಕೆಟ್ ಅಳತದ!” ಕಾಕಾ ಆ ಮಾತಿಗೆ ತಲೆದೂಗಿ, ಚಿತ್ರಕಥೆಯಿಂದ ಅಳುವನ್ನು ತೆಗೆದುಹಾಕಿದರು.

ಉಳಿದದ್ದು ಜಗಳ.

ಮನೆಯ ಹಿಂದಿನ ಅಂಗಳ, ನಳ, ಖಾಲಿ ಕೊಡಗಳು. ಕಾಕು ಮತ್ತು ಪ್ರಾಜಕ್ತಾ ಎದುರೆದುರು. ತಮ್ಮ ಕ್ಯಾಮೆರಾದ ಹಿಂದೆ. ನಾನು ಬೆಳಕು ಹಾಯಿಸಲು ಹಿಟ್ಟು ನಾದುವ ದೊಡ್ಡ ಸ್ಟೀಲ್ ತಟ್ಟೆಯನ್ನು, ಪರಾತವನ್ನು, ಎತ್ತಿ ಹಿಡಿದಿದ್ದೆ. “ಧ್ವನಿ ಹಿಡಿಯಂಗಿಲ್ಲ,” ಅಂತ ಕಾಕಾ ಎರಡು ಭಾಷೆಯಲ್ಲೂ ಸಾರಿದರು. “ಬಾಯಿ ಅಷ್ಟೇ ಆಡಬೇಕು. ಏನು ಬೇಕಾದ್ದು ಅನ್ರಿ. ಸ್ಟಾರ್ಟ್!”

ಕಾಕು ಸಂಕೋಚದಿಂದ ಒಂದು, ಎರಡು, ಮೂರು ಅಂತ ಎಣಿಸತೊಡಗಿದರು. ಪ್ರಾಜಕ್ತಾ ಮರಾಠಿಯಲ್ಲಿ ಹದಿಮೂರರ ಮಗ್ಗಿ ಶುರುಮಾಡಿದಳು.

“ಕಟ್! ಕಟ್! ಜಗಳ ಕಾಣಲತ್ತಿಲ್ಲ, ಸಾಲಿ ಕಾಣಲತ್ತದ!” ಕಾಕಾ ತಲೆ ಚಚ್ಚಿಕೊಂಡರು. “ಏನರೇ ಖರೇ ಸಿಟ್ಟು ಹೊಟ್ಟ್ಯಾಗಿಂದ ತೆಗೀರಿ. ಯಾರಿಗೂ ಕೇಳ್ಸಂಗಿಲ್ಲಂತ ಹೇಳ್ಲಿಲ್ಲಾ?”

ಎರಡನೇ ಸಲ ಕಾಕು ಕೊಡ ಎತ್ತಿಕೊಂಡು, “ನಳ ನಂದು,” ಅಂದರು. ಸ್ವಲ್ಪ ಗಟ್ಟಿಯಾಗಿ, “ಮನಿ ನಂದು.” ಆಮೇಲೆ ಅವರ ಮುಖ ಬದಲಾಯಿತು. “ಮಗಾನೂ ನಂದು. ನಿಮ್ಮವ್ವನ ಊರಿಗಿ ಒಯ್ಲತ್ತಿ ಅಲಾ, ನನಗ ಒಂದ್ ಮಾತು ಕೇಳಿದ್ಯಾ?”

ಸೊಸೆಗೆ ಅರ್ಥವಾಗುವುದಿಲ್ಲ ಎಂಬ ಧೈರ್ಯದಲ್ಲಿ ಕಾಕು ಹರಿಬಿಟ್ಟಿದ್ದರು. “ಸುಳ್ಳೇ ಬಾ ಅಂತನೂ ಅನ್ಲಿಲ್ಲ ನೀ. ನಾ ಇಲ್ಲಿ ಯಾರ್ ಜೋಡಿ ಇರ್ಬೇಕು? ಆ ಉಕ್ರೇನ್ ಜೋಡಿ?”

“ವಾಹ್!” ಅಂದರು ಕಾಕಾ. “ಏನ್ ಆಕ್ಟಿಂಗ್!”

ಈಗ ಪ್ರಾಜಕ್ತಾ. “ಆಯಿ, ತುಮ್ಹೀ ಮಲಾ ಏಕದಾ ತರೀ ನಾವಾನಂ ಹಾಕ್ ಮಾರ್ಲೀ ಕಾ?” ನೀವು ಒಮ್ಮೆಯಾದರೂ ನನ್ನನ್ನು ಹೆಸರು ಹಿಡಿದು ಕರೆದಿರಾ? ಮರಾಠಿ ಬಿರುಸಾಗಿ ಹರಿಯಿತು. ಮೂರು ವರ್ಷವಾಯಿತು. ಫೋನಿನಲ್ಲಿ ಬೀದರಿನ ನಿಮ್ಮ ಅಕ್ಕನಿಗೆ ‘ಆಕಿ ಮಾಡಿದ ಸಾರಿನಾಗ ಬ್ಯಾಳಿ ಹುಡುಕಬೇಕು’ ಅಂತೀರಿ. ಅವತ್ತು ನನಗೆ ಜ್ವರ ಬಂದಾಗ, ‘ಪಾಪ, ಆಕಿ ಏನೂ ಉಂಡಿಲ್ಲ’ ಅಂತ ರಾತ್ರಿಯೆಲ್ಲ ಮಾವನ ಹತ್ತಿರ ಅತ್ತಿರಿ. ನನ್ನ ಮುಂದೆ ಬಂದು ಮಾತ್ರ ಯಾಕೆ ಒಂದು ಮಾತೂ ಆಡಲಿಲ್ಲ?

ಕಾಕುವಿನ ಕೈಯಿಂದ ಕೊಡ ಜಾರಿ ಢಣ್ ಅಂತ ಬಿತ್ತು. “ನಿನಗ... ನಿನಗ ಕನ್ನಡ ತಿಳೀತದ?”

“ಸಗಳಂ!” ಅಂದಳು ಪ್ರಾಜಕ್ತಾ. ಎಲ್ಲ! ಪ್ರತಿಯೊಂದು ಮಾತೂ!

“ಅದ್ಭುತ! ಆಶ್ಚರ್ಯದ ಭಾವ ಹಂಗೇ ಹಿಡೀರಿ!” ಎಂದು ಕಾಕಾ ಕುಣಿಯುತ್ತಿದ್ದರು. ತಮ್ಮನಿಗೋ ಎರಡೂ ಕಡೆಯ ಮಾತು ನೇರ ನಾಟುತ್ತಿತ್ತು, ಪಾಪ. ಗಡಿಯಲ್ಲಿ ಸಿಕ್ಕಿಬಿದ್ದ ಹಳ್ಳಿಯಂತೆ ಬೆವರುತ್ತ ನಿಂತಿದ್ದ.

ಕಾಕು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ದನಿ ಇಳಿದಿತ್ತು. “ನಿನ್ನ ಹೆಸರು ನನ್ನ ಬಾಯಾಗ ಹೊಳ್ಳಂಗಿಲ್ಲವಾ. ಮದಿವ್ಯಾಗ ಒಮ್ಮಿ ‘ಪರಜಕ್ತಿ’ ಅಂದೆ. ನಿಮ್ಮ ಮಂದಿ ಎಲ್ಲಾ ನಕ್ಕರು. ನಿನಗೂ ನಾಚಿಕಿ ಆಗಬಾರ್ದು ಅಂತ ಕರ್ಯಾದೇ ಬಿಟ್ಟೆ.”

ಪ್ರಾಜಕ್ತಾ ಏನೋ ಹೇಳಲು ಬಾಯಿ ತೆರೆದಳು. ಆಗಲೇ ನಳ ಬುಸ್ ಅಂತ ಉಸಿರು ಬಿಟ್ಟು ಕೆಮ್ಮಿತು. ನೀರು! ಆ ಊರಿನಲ್ಲಿ ನಳಕ್ಕೆ ನೀರು ಬಂದಾಗ ಹುಟ್ಟು ಸಾವುಗಳೂ ತುಸು ಕಾಯುತ್ತವೆ. ಅತ್ತೆ ಸೊಸೆ ಇಬ್ಬರೂ ಕಣ್ಣೊರೆಸಿಕೊಳ್ಳುತ್ತ ಒಂದೇ ಕೊಡಕ್ಕೆ ಕೈಹಾಕಿ ಓಡಿದರು. ಒಬ್ಬಳು ಹಿಡಿದಳು, ಇನ್ನೊಬ್ಬರು ಎತ್ತಿದರು. ಒಬ್ಬರು ಮರಾಠಿಯಲ್ಲಿ ಬಾಲ್ಟಿ ತಾ ಅಂದರೆ ಇನ್ನೊಬ್ಬರು ಕನ್ನಡದಲ್ಲಿ ಡ್ರಮ್ಮಿನ ಮುಚ್ಚಳ ಎಲ್ಲಿ ಅಂದರು. ಮರಾಠಿಯಲ್ಲಿ ಅಂದವರು ಕಾಕು ಎಂದು ನನಗೆ ಹೊಳೆದದ್ದು ಆಮೇಲೆ.

“ನಾ ಇನ್ನಾ ಕಟ್ ಅಂದಿಲ್ಲ!” ಎಂದು ಕಾಕಾ ಕೂಗುತ್ತಲೇ ಇದ್ದರು. ಯಾರು ಕೇಳಬೇಕು?

ಚಿತ್ರ ನಾಸಿಕ್ಕಿನಲ್ಲಿ ತೆರೆಕಂಡಿತು. ನವೆಂಬರಿನಲ್ಲಿ ಕನ್ನಡದವರು ಸೇರುವ ಮದುವೆ ಹಾಲಿನಲ್ಲಿ, ಮಕ್ಕಳ ಕುಣಿತಕ್ಕೂ ಊಟಕ್ಕೂ ನಡುವಿನ ಸಂದಿನಲ್ಲಿ. ಕಾಕಾ ಮೊದಲು ಮಾತಾಡಿದರು, ಮಾತಾಡದೆ ಇರುತ್ತಾರೆಯೇ? ಆದರೆ ಆ ದಿನ ಕತೆಯ ಕೊನೆಯ ಭಾಗ ಹೇಳಿದರು. ಆ ಇಲಾಖೆ ಬಹಳ ವರ್ಷ ಬಾಳಲಿಲ್ಲ. ದೂರದ ರಾಜಧಾನಿಯವರು ಎಲ್ಲವನ್ನೂ ತಮ್ಮ ಕೈಗೆ ತೆಗೆದುಕೊಂಡರು. ಅಷ್ಟರಲ್ಲಿ ಸಿನಿಮಾಕ್ಕೆ ಮಾತೂ ಬಂತು. ಎಷ್ಟೋ ಚಿತ್ರಗಳು ಎಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ. “ಆದ್ರ ಉಳಿದದ್ದು ಅದ ಅಲ್ರೀ,” ಅಂದರು, “ಅದನ್ನ ಇವತ್ತಿಗೂ ಮಂದಿ ಕೂತು ನೋಡ್ತಾರ. ಹೋದದ್ದಕ್ಕ ಅಳಕೋತ ಕೂತ್ರ ಉಳದದ್ದು ನೋಡೋರು ಯಾರು?” ಇಷ್ಟಕ್ಕೇ ನಿಲ್ಲಿಸಿ ದೀಪ ಆರಿಸಿದರು.

ಪರದೆಯ ಮೇಲೆ ಅಕ್ಷರಗಳು ಮೂಡಿದವು, ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ. ಇಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಓದಲು ಬಾರದು, ಹಿರಿಯರಿಗೆ ಕನ್ನಡಕವಿಲ್ಲದೆ ಏನೂ ಬಾರದು. ಹೀಗಾಗಿ ಬಂದ ಅಕ್ಷರವನ್ನೆಲ್ಲ ಯಾರೋ ಒಬ್ಬರು ಗಟ್ಟಿಯಾಗಿ ಓದುವುದು, ಪಕ್ಕದವರು ಮಗುವಿಗೆ ಅರ್ಥ ಹೇಳುವುದು. ಅಷ್ಟು ಗದ್ದಲದ ಮೂಕಿಚಿತ್ರ ಜಗತ್ತಿನಲ್ಲೇ ಮೊದಲನೆಯದಿರಬೇಕು! ಪಂಪಿನ ಪ್ರವೇಶಕ್ಕೆ ಶಿಳ್ಳೆ ಬಿತ್ತು. ಕೈಕೊಟ್ಟ ನಾಯಕನ ಬದಲು ಕಾಕಾ ಅದರ ಫೋಟೋ ಹಾಕಿದ್ದರು.

ಜಗಳದ ದೃಶ್ಯ ಬಂತು. ಕಾಕುವಿನ ತುಟಿಗಳು ಆಡುತ್ತಿವೆ. ಪ್ರಾಜಕ್ತಾಳ ಕಣ್ಣು ತುಂಬುತ್ತಿದೆ. ಕೊಡ ಬೀಳುತ್ತದೆ. ಇಬ್ಬರೂ ನೀರಿಗೆ ಓಡುತ್ತಾರೆ. ಅಕ್ಷರ ಬರಲೇ ಇಲ್ಲ, ಒಂದೂ ಇಲ್ಲ. ಹಾಲಿನಲ್ಲಿ ಗುಜುಗುಜು ಶುರುವಾಯಿತು. ಒಬ್ಬರು ಎದ್ದೇ ಬಿಟ್ಟರು: “ಸರ್, ಅವರು ಏನಂತಾರ್ರೀ? ಇಲ್ಲಿ ಬರೀಲಿಕ್ಕೆ ಮರ್ತೀರೇನ್ರಿ?”

ನಾನು ಕಾಕಾನ ಕಡೆ ತಿರುಗಿದೆ. ಎಲ್ಲಕ್ಕೂ ವಿವರಣೆ ಕೊಡುವ ಕಾಕಾ! ಸೊಳ್ಳೆಗೂ ಮಾತು ಹಚ್ಚಿದ ಕಾಕಾ!

“ಮರ್ತಿಲ್ಲ,” ಅಂದರು ಅವರು ಕತ್ತಲಲ್ಲಿ. “ಅದು ಮನಿ ಮಾತದರಿ.”

ಅಂದರೆ ಅಂಗಳದಲ್ಲಿ ಕುಣಿಯುತ್ತ ‘ಏನ್ ಆಕ್ಟಿಂಗ್’ ಅಂದ ಮನುಷ್ಯನಿಗೆ ಒಂದೊಂದು ಮಾತೂ ಕೇಳಿಸಿತ್ತು! ಆಮೇಲೆ ಊಟದ ಸಾಲಿನಲ್ಲಿ ನಾನು ಹಿಡಿದು ಕೇಳಿದೆ: “ಕಾಕಾ, ಅವರಿಬ್ಬರು ಮಾತಾಡಲಿ ಅಂತಾನೇ ಇಷ್ಟೆಲ್ಲಾ ಮಾಡಿದ್ರಾ?” ಕಾಕಾ ಪೂರಿಯನ್ನು ಎರಡು ತುಂಡು ಮಾಡುತ್ತ, “ಹುಚ್ಚದೀಯೇನ್? ನನಗ ಆ ಪಂಪ್ ಚಾಲೂ ಆಗ್ಲಿಲ್ಲಂತ ಚಿಂತಿ ಹತ್ತಿತ್ತು,” ಅಂದರು. ಇವತ್ತಿಗೂ ಅದೇ ಉತ್ತರ.

ತಮ್ಮ, ಪ್ರಾಜಕ್ತಾ ನಾಸಿಕ್ಕಿಗೆ ಬಂದದ್ದು ತಪ್ಪಲಿಲ್ಲ; ನೌಕರಿ ನೌಕರಿಯೇ. ಮುಂದಿನ ವರ್ಷ ಅವಳಿಗೆ ದಿನ ತುಂಬುತ್ತಿದ್ದಾಗ, ತವರು ಅದೇ ಊರಿನಲ್ಲಿದ್ದರೂ, ಅವಳೇ ಫೋನು ಮಾಡಿ ಅತ್ತೆಯನ್ನು ಕರೆಸಿಕೊಂಡಳು. ಕಾಕು ಒಂದು ಡಬ್ಬಿ ಖಾರಪುಡಿ, ಒಂದು ಗಂಟು ಹಳೆ ಸೀರೆ ಹಿಡಿದು ಬಂದಿಳಿದರು. ಕಾಕಾ ಒಬ್ಬರೇ ಔರಂಗಾಬಾದಿನಲ್ಲಿ ಉಳಿದರು. ಬಾ ಅಂದರೆ ಬರಲಿಲ್ಲ; ನಳದ ನೀರು ಹಿಡಿಯುವವರು ಯಾರು ಅಂದರು.

ಒಂದು ಸಂಜೆ ನಾನು ಬ್ಯಾಂಕಿನಿಂದ ನೇರ ಅವರ ಮನೆಗೆ ಹೋಗಿದ್ದೆ. ನನ್ನ ಮೊಬೈಲಿಗೆ ಕಾಕಾನ ಫೋನು ಬಂತು. ಇನ್ನು ಅರ್ಧ ಗಂಟೆಯ ಉಕ್ರೇನ್ ಎಂದುಕೊಂಡು, ಕುರ್ಚಿ ಎಳೆದು ಕೂತೇ ಎತ್ತಿದೆ.

“ಎಲ್ಲಿದ್ದೀ?”

“ತಮ್ಮನ ಮನ್ಯಾಗ.”

“ನಿಮ್ಮ ಕಾಕು?”

“ಅಡಿಗಿಮನ್ಯಾಗ. ಪ್ರಾಜಕ್ತಾನ ಜೋಡಿ. ಕರೀಲಾ?”

“ಬ್ಯಾಡ ಬ್ಯಾಡ.” ಆಮೇಲೆ, “ಫೋನು ಅಲ್ಲೇ ಅವರ ಹತ್ರ ಎಲ್ಲರೆ ಇಡು. ಹೇಳಬ್ಯಾಡ.”

ಕಾಫಿ ಲೋಟ ಇಡುವ ನೆಪದಲ್ಲಿ ಒಳಗೆ ಹೋಗಿ, ಮೊಬೈಲನ್ನು ಹಿಟ್ಟಿನ ಡಬ್ಬಿಯ ಪಕ್ಕ ಇಟ್ಟೆ. ಬಸುರಿಗೆ ಬದನೆಕಾಯಿ ಕೊಡಬಹುದೋ ಬಾರದೋ ಎಂದು ಒಳಗೆ ಭಾರೀ ವಾದ ನಡೆದಿತ್ತು. ಅವರು ಕನ್ನಡದಲ್ಲಿ ಬೈದರೆ ಇವಳು ಮರಾಠಿಯಲ್ಲಿ ನಕ್ಕಳು. ಇವಳು ಕನ್ನಡದಲ್ಲಿ ಏನೋ ಅಂದಳು, ಪೂರಾ ತಪ್ಪು. ಕಾಕು ಲಟ್ಟಣಿಗೆ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಕುಕ್ಕರ್ ಕೂಗಿತು. ಮಾತು ಮಾತು ಮಾತು.

ಬಹಳ ಹೊತ್ತಾಯಿತು. ಆ ಕಡೆ ಫೋನು ಕಟ್ ಆಗಿರಬೇಕು ಅಂತ ಮೆಲ್ಲಗೆ ಎತ್ತಿ ಕಿವಿಗೆ ಹಿಡಿದೆ. ಆಗಿರಲಿಲ್ಲ. ನಮ್ಮ ಕಾಕಾ ಉಸಿರಾಡುವುದು ಕೇಳುತ್ತಿತ್ತು. ಒಂದೇ ಒಂದು ಮಾತೂ ಆಡದೆ ಕೂತಿದ್ದರು. ನಾನು ಫೋನನ್ನು ಮತ್ತೆ ಅಲ್ಲೇ ಇಟ್ಟು ಹೊರಗೆ ಬಂದೆ.